ದಿವಾದಿಂದ ಬೇಸಿಗೆ ಪಿಕ್‌ನಿಕ್‌ಗೆ ಹೊರಟಿದ್ದೀರಾ? ಬುತ್ತಿ, ನೀರು, ಬ್ಯಾಗ್ ಸಿದ್ಧತೆ ಹೇಗಿರಬೇಕು? ಇಲ್ಲಿದೆ ಪೂರ್ಣ ಮಾಹಿತಿ

ದಿವಾ (ಥಾಣೆ): ಮಹಾರಾಷ್ಟ್ರದ ಶಾಲೆಗಳಿಗೆ ಮೇ ತಿಂಗಳ ರಜೆ ಸಿಕ್ಕಿತೆಂದರೆ ದಿವಾ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬೈ ಭಾಗದ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಠ: ಎಲ್ಲಿಗಾದರೂ ಕರೆದುಕೊಂಡು ಹೋಗಿ. ಊರಿಗೆ ಹೋಗಲು ಟಿಕೆಟ್ ಸಿಗದವರು, ರಜೆ ಸಿಗದವರು ಒಂದು ದಿನದ ಪಿಕ್‌ನಿಕ್‌ಗೆ ಹೊರಡುತ್ತಾರೆ. ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಇದಕ್ಕೆ ಹೊರತಲ್ಲ. ಒಂದೇ ಕಟ್ಟಡದ ನಾಲ್ಕಾರು ಮನೆಯವರು ಸೇರಿ, ಡಬ್ಬಿ ಕಟ್ಟಿಕೊಂಡು, ಬೆಳಗಿನ ಲೋಕಲ್ ಹತ್ತುವುದು ಇಲ್ಲಿ ಮಾಮೂಲು.

ಆದರೆ ಕೊಂಕಣದ ಬೇಸಿಗೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲು ಮೈದಾನದಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ ಸಿಲುಕಿ 14 ಜನ ಪ್ರಾಣ ಕಳೆದುಕೊಂಡರು. ಅಂದು ಆ ಭಾಗದಲ್ಲಿ ದಾಖಲಾದ ಉಷ್ಣಾಂಶ ಸುಮಾರು 38 ಡಿಗ್ರಿ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರಿಗೆ ಇದು ದೊಡ್ಡ ಅಂಕಿಯೇನಲ್ಲ. ಆದರೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಹೀಗಾಗಿ ಇಲ್ಲಿನ 38 ಡಿಗ್ರಿ ಒಣಹವೆಯ 42 ಡಿಗ್ರಿಗಿಂತ ಹೆಚ್ಚು ಕಾಡಬಹುದು. ಹವಾಮಾನ ಇಲಾಖೆಯೂ ಬಯಲುಸೀಮೆಗೆ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಲೆಕ್ಕ ಹಿಡಿದರೆ, ಕರಾವಳಿಗೆ 37 ಡಿಗ್ರಿಯಿಂದಲೇ ಹಿಡಿಯುತ್ತದೆ.

ಹಾಗಿದ್ದರೆ ಪಿಕ್‌ನಿಕ್ ಬೇಡವೇ? ಖಂಡಿತ ಬೇಕು. ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ತಿನ್ನಲು, ಏನು ಹೊತ್ತುಕೊಂಡು ಎಂಬುದನ್ನು ಮೊದಲೇ ನಿರ್ಧರಿಸಿದರೆ ಸಾಕು.

ದಿವಾದಿಂದ ಎಲ್ಲಿಗೆ ಹೋಗಬಹುದು?

ದಿವಾ ಜಂಕ್ಷನ್‌ನ ದೊಡ್ಡ ಅನುಕೂಲವೆಂದರೆ ಇಲ್ಲಿಂದ ಹಲವು ದಿಕ್ಕಿಗೆ ರೈಲು ಹೋಗುತ್ತದೆ. ಮಧ್ಯ ರೈಲ್ವೆಯ ಮುಖ್ಯ ಮಾರ್ಗದ ಜೊತೆಗೆ ವಸಾಯಿ ಮಾರ್ಗ ಮತ್ತು ಪನ್ವೇಲ್ ಮಾರ್ಗ ಎರಡೂ ಇಲ್ಲಿ ಕೂಡುತ್ತವೆ.

* ಮಾಥೇರಾನ್: ಕರ್ಜತ್ ಲೋಕಲ್‌ನಲ್ಲಿ ನೇರಳ್‌ಗೆ ಹೋಗಿ, ಅಲ್ಲಿಂದ ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ ತಲುಪಬೇಕು. 1907ರಲ್ಲಿ ಆರಂಭವಾದ ಪುಟಾಣಿ ರೈಲು ಮಕ್ಕಳಿಗೆ ಇಷ್ಟ. ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಕೆಳಗಿನ ಊರುಗಳಿಗಿಂತ ತಂಪು. ಊರೊಳಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಹಾಗಾಗಿ ನಡಿಗೆ ಹೆಚ್ಚು, ಸಾಮಾನು ಕಡಿಮೆ ಇರಬೇಕು.

* ಕರ್ನಾಳಾ ಪಕ್ಷಿಧಾಮ: ಪನ್ವೇಲ್ ತಲುಪಿ ಅಲ್ಲಿಂದ ಮುಂಬೈ-ಗೋವಾ ಹೆದ್ದಾರಿಯಲ್ಲಿ ಬಸ್ ಅಥವಾ ರಿಕ್ಷಾ ಹಿಡಿಯಬೇಕು. ಸುಮಾರು 12 ಚದರ ಕಿಲೋಮೀಟರ್‌ನ ಈ ಕಾಡಿನಲ್ಲಿ ನೆರಳಿಗೆ ಕೊರತೆಯಿಲ್ಲ. ಕೋಟೆ ಹತ್ತುವ ಸಾಹಸವನ್ನು ಮಾತ್ರ ಬೇಸಿಗೆಯಲ್ಲಿ ಮಕ್ಕಳು, ಹಿರಿಯರ ಜೊತೆ ಮಾಡಬೇಡಿ.

* ವಸಾಯಿ ಕೋಟೆ: ದಿವಾ-ವಸಾಯಿ ರೈಲು ಭಿವಂಡಿ ರೋಡ್, ಕಾಮಣ್ ರೋಡ್, ಜೂಚಂದ್ರ ದಾಟಿ ವಸಾಯಿ ರೋಡ್ ಸೇರುತ್ತದೆ. ಪೋರ್ಚುಗೀಸರ ಈ ಕೋಟೆಯನ್ನು 1739ರಲ್ಲಿ ಚಿಮಾಜಿ ಅಪ್ಪಾ ನೇತೃತ್ವದ ಮರಾಠಾ ಸೇನೆ ಗೆದ್ದುಕೊಂಡಿತು. ಒಳಗೆ ಬಯಲು ಜಾಗ ಹೆಚ್ಚು. ಬೆಳಗ್ಗೆ 10ರೊಳಗೆ ನೋಡಿ ಮುಗಿಸುವುದು ಒಳ್ಳೆಯದು.

* ಐರೋಲಿ: ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದರೆ ಐರೋಲಿ. ಇಲ್ಲಿನ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಥಾಣೆ ಖಾರಿಯ ಫ್ಲೆಮಿಂಗೊ ಹಕ್ಕಿಗಳನ್ನು ನೋಡಬಹುದು. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಣೆಯಾದ ಥಾಣೆ ಖಾರಿಗೆ 2022ರಲ್ಲಿ ರಾಮ್ಸಾರ್ ತಾಣದ ಮಾನ್ಯತೆಯೂ ಸಿಕ್ಕಿದೆ. ದೋಣಿ ಹೊರಡುವುದು ಉಬ್ಬರ-ಇಳಿತ ನೋಡಿಕೊಂಡು. ಆದ್ದರಿಂದ ಮೊದಲೇ ವಿಚಾರಿಸಿ.

* ಟಿಟ್ವಾಲಾ, ಅಂಬರನಾಥ: ಅರ್ಧ ದಿನದ ಪ್ರವಾಸಕ್ಕೆ ಇವು ಸಾಕು. ಟಿಟ್ವಾಲಾದಲ್ಲಿ ಮಹಾಗಣಪತಿ ದೇವಸ್ಥಾನ, ಅಂಬರನಾಥದಲ್ಲಿ ಶಿಲಾಹಾರರ ಕಾಲದ, 1060ರ ಶಾಸನವಿರುವ ಶಿವ ದೇವಾಲಯವಿದೆ.

ಜಲಪಾತ, ಅಣೆಕಟ್ಟು, ಕಲ್ಲುಕ್ವಾರಿ ಹೊಂಡಗಳ ಬಳಿ ಹೋಗುವವರು ಒಂದು ಮಾತು ನೆನಪಿಡಿ. ಬೇಸಿಗೆಯಲ್ಲಿ ನೀರು ಕಡಿಮೆ ಕಂಡರೂ ಹೊಂಡದ ಆಳ ಕಡಿಮೆಯಾಗಿರುವುದಿಲ್ಲ. ಸ್ಥಳೀಯರು ಇಳಿಯದ ನೀರಿಗೆ ನೀವೂ ಇಳಿಯಬೇಡಿ.

ರೈಲಿನ ಸಮಯವೇ ಊಟದ ಸಮಯ ನಿರ್ಧರಿಸುತ್ತದೆ

ಪಿಕ್‌ನಿಕ್ ಯೋಜನೆಯನ್ನು ಅಡುಗೆಮನೆಯಿಂದಲ್ಲ, ರೈಲಿನ ವೇಳಾಪಟ್ಟಿಯಿಂದ ಆರಂಭಿಸಿ. ಮುಖ್ಯ ಮಾರ್ಗದಲ್ಲಿ ಲೋಕಲ್‌ಗಳಿಗೆ ಕೊರತೆಯಿಲ್ಲ. ಆದರೆ ದಿವಾ-ವಸಾಯಿ ಹಾಗೂ ದಿವಾ-ಪನ್ವೇಲ್-ರೋಹಾ ಮಾರ್ಗದಲ್ಲಿ ದಿನಕ್ಕೆ ಕೆಲವೇ ರೈಲುಗಳಿವೆ. ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಹೋಗುವ ರೈಲಿನಷ್ಟೇ ಮುಖ್ಯ ಮರಳುವ ರೈಲು. ಅದರ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಭಾನುವಾರವಾದರೆ ಮೆಗಾ ಬ್ಲಾಕ್ ಇದೆಯೇ ಎಂದು ಹಿಂದಿನ ದಿನವೇ ನೋಡಿ. ಹಳಿ, ಸಿಗ್ನಲ್ ದುರಸ್ತಿಗಾಗಿ ಹಗಲು ಹೊತ್ತಿನಲ್ಲಿ ಕೆಲವು ಗಂಟೆ ಲೋಕಲ್‌ಗಳ ಸಂಚಾರ ಬದಲಾಗುತ್ತದೆ. ಎರಡು ಗಂಟೆ ಪ್ಲಾಟ್‌ಫಾರ್ಮ್‌ನಲ್ಲಿ ಕಳೆದರೆ ಡಬ್ಬಿಯೊಳಗಿನ ಊಟದ ಆಯಸ್ಸೂ ಎರಡು ಗಂಟೆ ಕಡಿಮೆಯಾದಂತೆ.

ವಾರದ ದಿನಗಳಲ್ಲಿ ಹೋಗುವವರು ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಥಾಣೆ ದಿಕ್ಕಿನ ಲೋಕಲ್ ಹತ್ತಲೇಬಾರದು. 2025ರ ಜೂನ್ 9ರ ಬೆಳಗ್ಗೆ ದಿವಾ-ಮುಂಬ್ರಾ ನಡುವೆ ತುಂಬಿ ತುಳುಕುತ್ತಿದ್ದ ಲೋಕಲ್‌ಗಳ ಬಾಗಿಲಲ್ಲಿ ನಿಂತಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಕನಿಷ್ಠ ನಾಲ್ವರು ಮೃತಪಟ್ಟಿದ್ದರು. ಬೆನ್ನಿಗೆ ದಪ್ಪ ಬ್ಯಾಗ್, ಕೈಯಲ್ಲಿ ಡಬ್ಬಿ ಹಿಡಿದು ಅಂಥ ಗದ್ದಲದಲ್ಲಿ ಮಕ್ಕಳೊಂದಿಗೆ ಹತ್ತುವುದು ಅಪಾಯ. ಬೆಳಗ್ಗೆ 6ರೊಳಗೆ ಹೊರಟರೆ ಬಿಸಿಲು, ಜನಸಂದಣಿ ಎರಡೂ ತಪ್ಪುತ್ತವೆ.

ಬುತ್ತಿಗೆ ಏನು ಕಟ್ಟಬೇಕು?

ಬೆಳಗಿನ ಜಾವ 4ಕ್ಕೆ ಮಾಡಿದ ಅಡುಗೆಯನ್ನು ಮಧ್ಯಾಹ್ನ 1ಕ್ಕೆ ತಿಂದರೆ ನಡುವೆ 9 ಗಂಟೆ ಕಳೆದಿರುತ್ತದೆ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಉಷ್ಣಾಂಶದಲ್ಲಿ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಹೊರಗೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂಬ ಎಚ್ಚರಿಕೆಯೂ ಇದೆ. ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬಂದಿಲ್ಲ ಎಂದ ಮಾತ್ರಕ್ಕೆ ಆಹಾರ ಸರಿಯಿದೆ ಎಂದಲ್ಲ.

ಇದಕ್ಕೆ ಪರಿಹಾರ ಸುಲಭ. ಬೇಗ ಕೆಡುವುದನ್ನು ತಲುಪಿದ ಕೂಡಲೇ ತಿಂಡಿಗೆ ತಿಂದು ಮುಗಿಸಿ. ಮಧ್ಯಾಹ್ನಕ್ಕೆ ಒಣ ಮತ್ತು ಹುಳಿ ಪದಾರ್ಥಗಳನ್ನು ಉಳಿಸಿಕೊಳ್ಳಿ. ನಮ್ಮ ಹಿರಿಯರ ಬುತ್ತಿಯೂ ಇದೇ ಲೆಕ್ಕದ ಮೇಲೆ ನಿಂತಿತ್ತು.

ಬೆಳಗಿನ ತಿಂಡಿಗೆ (8ರೊಳಗೆ): ಇಡ್ಲಿಗೆ ಎಣ್ಣೆ ಬೆರೆಸಿದ ಚಟ್ನಿಪುಡಿ ಸವರಿ ತನ್ನಿ. ಉಪ್ಪಿಟ್ಟು, ಅವಲಕ್ಕಿ ಒಗ್ಗರಣೆಯೂ ಆಗುತ್ತದೆ. ಬಿಸಿ ತಿಂಡಿ ಒಯ್ಯುವುದಾದರೆ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ 10 ನಿಮಿಷ ಬಿಟ್ಟು, ಚೆಲ್ಲಿ, ನಂತರ ತುಂಬಿಸಿ. ತೆರೆದಾಗ ಹಬೆಯಾಡುವಷ್ಟು ಬಿಸಿಯಿರಬೇಕು.

ಮಧ್ಯಾಹ್ನಕ್ಕೆ: ಉತ್ತರ ಕರ್ನಾಟಕದವರಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಹಸಿ ಈರುಳ್ಳಿ, ಸೌತೆಕಾಯಿ ಇದ್ದರೆ ಇನ್ನೇನೂ ಬೇಡ. ಖಡಕ್ ರೊಟ್ಟಿಯಲ್ಲಿ ನೀರಿನಂಶವೇ ಇರುವುದಿಲ್ಲವಾದ್ದರಿಂದ ಬಿಸಿಲಿಗೆ ಕೆಡುವ ಭಯವಿಲ್ಲ. ಕರಾವಳಿಯವರು ಕೋರಿ ರೊಟ್ಟಿಯ ಒಣ ರೊಟ್ಟಿಯನ್ನು ಧೈರ್ಯವಾಗಿ ಒಯ್ಯಬಹುದು. ಆದರೆ ತೆಂಗಿನಕಾಯಿ ಹಾಕಿದ ಕೋಳಿ ಸಾರನ್ನು ಮನೆಯಲ್ಲೇ ಬಿಡಿ. ಹಳೆ ಮೈಸೂರು ಕಡೆಯವರಿಗೆ ಪುಳಿಯೋಗರೆ ಇದ್ದೇ ಇದೆ. ಗೊಜ್ಜನ್ನು ಹಿಂದಿನ ದಿನ ಮಾಡಿ, ಅನ್ನವನ್ನು ಅಂದೇ ಬೆಳಗ್ಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಹರವಿ ಆರಿಸಿ, ಗೊಜ್ಜು ಚೆನ್ನಾಗಿ ಬೆರೆಸಿ. ಬಿಸಿ ಅನ್ನವನ್ನು ಮುಚ್ಚಿದ ಡಬ್ಬಿಗೆ ತುಂಬಿದರೆ ಹಬೆ ನೀರಾಗಿ ಬೇಗ ಹಳಸುತ್ತದೆ. ಹುಳಿ ಇದ್ದರೂ ಅನ್ನ ಅನ್ನವೇ. ಪುಳಿಯೋಗರೆ ಒಯ್ದರೆ ಅದನ್ನು ಮೊದಲು, ಸಾಧ್ಯವಾದರೆ 11ರೊಳಗೆ ಮುಗಿಸಿ.

ಮೊಸರನ್ನ ಬೇಕೇ ಬೇಕು ಎನ್ನುವವರು ಮೊಸರನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಐಸ್ ಬಾಟಲಿ ಇರುವ ಬ್ಯಾಗ್‌ನಲ್ಲಿ ಬೇರೆಯಾಗಿಯೇ ಒಯ್ದು, ತಿನ್ನುವ ಮುಂಚೆ ಅವಲಕ್ಕಿಗೆ ಕಲಸಿಕೊಳ್ಳಿ. ಮೊಸರವಲಕ್ಕಿಗೆ ಅನ್ನದ ಚಿಂತೆಯೂ ಇಲ್ಲ.

ಸಂಜೆಯ ಬಾಯಾಡಿಸಲು: ಚಕ್ಕುಲಿ, ಕೋಡುಬಳೆ, ಹುರಿದ ಶೇಂಗಾ, ಹುರಿಗಡಲೆ, ಬೆಲ್ಲ, ಖರ್ಜೂರ, ಚುರುಮುರಿ. ಚುರುಮುರಿಗೆ ಈರುಳ್ಳಿ, ಟೊಮೆಟೊವನ್ನು ಅಲ್ಲೇ ಹೆಚ್ಚಿ.

ಮನೆಯಲ್ಲೇ ಬಿಡಬೇಕಾದವು: ಹಸಿ ತೆಂಗಿನಕಾಯಿ ಚಟ್ನಿ, ನೀರು ದೋಸೆ, ಆಲೂಗಡ್ಡೆ ಪಲ್ಯ, ಪನೀರ್, ಕೆನೆ ಹಾಕಿದ ಸಿಹಿ, ಮೀನು-ಮಾಂಸದ ಸಾರು, ಮೇಯನೇಸ್ ಹಚ್ಚಿದ ಸ್ಯಾಂಡ್‌ವಿಚ್, ಹಿಂದಿನ ರಾತ್ರಿಯ ಅನ್ನ.

ಹಣ್ಣು: ಕಲ್ಲಂಗಡಿಯನ್ನು ಮನೆಯಲ್ಲಿ ಹೆಚ್ಚಿ ಒಯ್ಯಬೇಡಿ, ರಸ್ತೆಬದಿ ಹೆಚ್ಚಿಟ್ಟದ್ದನ್ನೂ ಕೊಳ್ಳಬೇಡಿ. ಸಣ್ಣ ಇಡೀ ಹಣ್ಣು ಒಯ್ದು ಅಲ್ಲೇ ಕೊಯ್ಯಿರಿ. ಬಾಳೆಹಣ್ಣು, ಕಿತ್ತಳೆ, ಸೌತೆಕಾಯಿ ಒಯ್ಯಲು ಸುಲಭ. ಈ ಹೊತ್ತಿನಲ್ಲಿ ದಾರಿಯುದ್ದಕ್ಕೂ ಸಿಗುವ ತಾಟಿನುಂಗು ಬೇಸಿಗೆಗೆ ಹೇಳಿ ಮಾಡಿಸಿದ್ದು. ನಿಮ್ಮ ಕಣ್ಣೆದುರೇ ಸುಲಿಸಿಕೊಳ್ಳಿ.

6 ಜನರಿಗೆ ಎಷ್ಟು ಬೇಕು?

ನಾಲ್ವರು ದೊಡ್ಡವರು, ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಅಂದಾಜು ಲೆಕ್ಕ ಹೀಗಿದೆ.

* ಇಡ್ಲಿ: 20ರಿಂದ 22
* ಚಪಾತಿ ಅಥವಾ ಖಡಕ್ ರೊಟ್ಟಿ: 18ರಿಂದ 20
* ಪುಳಿಯೋಗರೆಗೆ ಅಕ್ಕಿ: ರೊಟ್ಟಿಯ ಜೊತೆಗಾದರೆ 400 ಗ್ರಾಂ, ಅದೊಂದೇ ಆದರೆ 600 ಗ್ರಾಂ
* ಚಟ್ನಿಪುಡಿ: 100 ಗ್ರಾಂ
* ಮೊಸರು: ಅರ್ಧ ಲೀಟರ್
* ಕುರುಕಲು ತಿಂಡಿ: ಅರ್ಧ ಕೆಜಿ
* ಬಾಳೆಹಣ್ಣು: ಒಂದು ಡಜನ್, ಸೌತೆಕಾಯಿ 6, ನಿಂಬೆಹಣ್ಣು 6

ಬಿಸಿಲಿಗೆ ಹಸಿವು ಕಡಿಮೆ, ದಾಹ ಹೆಚ್ಚು. ಊಟ ಸ್ವಲ್ಪ ಕಡಿಮೆ ಬಿದ್ದರೂ ನಡೆಯುತ್ತದೆ, ನೀರು ಕಡಿಮೆ ಬೀಳಬಾರದು.

ನೀರಿನ ಲೆಕ್ಕ ತಪ್ಪಬಾರದು

ದಿನವಿಡೀ ಹೊರಗಿರುವ ದೊಡ್ಡವರಿಗೆ ಕನಿಷ್ಠ 3 ಲೀಟರ್, ಮಕ್ಕಳಿಗೆ ಒಂದೂವರೆಯಿಂದ 2 ಲೀಟರ್ ನೀರು ಬೇಕು. ಅಂದರೆ 6 ಜನರ ಕುಟುಂಬಕ್ಕೆ 15 ಲೀಟರ್. ಇದರ ತೂಕವೇ 15 ಕೆಜಿ. ಅಷ್ಟನ್ನೂ ಹೊರುವುದು ಕಷ್ಟ. ಆದ್ದರಿಂದ 8ರಿಂದ 9 ಲೀಟರ್ ಮನೆಯಿಂದ ಒಯ್ದು, ಉಳಿದದ್ದನ್ನು ಇಳಿಯುವ ನಿಲ್ದಾಣದಲ್ಲಿ ಸೀಲ್ ಮಾಡಿದ ಬಾಟಲಿ ಕೊಂಡು ಹೊಂದಿಸಿಕೊಳ್ಳಿ. ಗುಡ್ಡ, ಕಾಡಿನ ಒಳಗೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ.

ದಿವಾದ ಹಲವು ಕಟ್ಟಡಗಳಲ್ಲಿ ಬೇಸಿಗೆಯಲ್ಲಿ ನೀರಿನ ಅಭಾವ ಹೊಸದಲ್ಲ. ಕುಡಿಯುವ ನೀರನ್ನು ಹಿಂದಿನ ಸಂಜೆಯೇ ಕುದಿಸಿ, ಆರಿಸಿ, ಬಾಟಲಿಗಳಿಗೆ ತುಂಬಿಡಿ. ಟ್ಯಾಂಕರ್ ನೀರಾದರೆ ಕುದಿಸದೆ ಒಯ್ಯಲೇಬೇಡಿ. ಎರಡು ಬಾಟಲಿಗಳನ್ನು ಮುಕ್ಕಾಲು ಭಾಗ ತುಂಬಿ ಫ್ರೀಜರ್‌ನಲ್ಲಿಟ್ಟರೆ ಬೆಳಗ್ಗೆ ಮೊಸರು, ಮಜ್ಜಿಗೆ ಪಕ್ಕ ಇಡಲು ಐಸ್ ಸಿದ್ಧ. ಕರಗಿದ ಮೇಲೆ ಅದೇ ಕುಡಿಯುವ ನೀರು.

ಬರೀ ನೀರಿನ ಜೊತೆ ಉಪ್ಪು-ಸಕ್ಕರೆಯೂ ದೇಹಕ್ಕೆ ಸೇರಬೇಕು. ಪುನರ್ಪುಳಿ ಶರಬತ್ತಿನ ಸಾರವನ್ನು ಸಣ್ಣ ಬಾಟಲಿಯಲ್ಲಿ ಒಯ್ದು ಅಲ್ಲೇ ನೀರು ಬೆರೆಸಿ. ಬೆಲ್ಲದ ಪಾನಕ, ಉಪ್ಪು ಹಾಕಿದ ನೀರು ಮಜ್ಜಿಗೆ, ನಿಂಬೆ ಶರಬತ್ತು ಯಾವುದಾದರೂ ಸರಿ. ಒಆರ್‌ಎಸ್ ಪೊಟ್ಟಣ ನಾಲ್ಕು ಇರಲಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿದರೆ ಮನೆಮದ್ದು ಸಿದ್ಧ. ಅಳತೆ ತಪ್ಪಿ ಉಪ್ಪು ಹೆಚ್ಚಾಗಬಾರದು.

ಬ್ಯಾಗ್‌ನಲ್ಲಿ ಏನೇನಿರಬೇಕು?

ಒಂದೇ ದೊಡ್ಡ ಬ್ಯಾಗ್ ಬೇಡ. ಸಾಮಾನನ್ನು ಬೆನ್ನಿಗೆ ಹಾಕುವ ಮೂರು ಸಾಧಾರಣ ಬ್ಯಾಗ್‌ಗಳಿಗೆ ಹಂಚಿ, ಕೈಗಳು ಖಾಲಿ ಇರಲಿ. ರೈಲಿನಲ್ಲಿ ಮಕ್ಕಳ ಕೈ ಹಿಡಿಯಲು ಅದು ಮುಖ್ಯ.

ಮೊದಲ ಬ್ಯಾಗ್, ಊಟ: ಭಾರದ ಡಬ್ಬಿಗಳು ಕೆಳಗೆ, ರೊಟ್ಟಿ ಮೇಲೆ. ತಿನ್ನುವ ಕ್ರಮಕ್ಕೆ ತಕ್ಕಂತೆ ಜೋಡಿಸಿ. ಬೆಳಗಿನ ತಿಂಡಿ ಮೇಲಿರಬೇಕು. ಸ್ಟೀಲ್ ತಟ್ಟೆ, ಲೋಟ, ಎರಡು ಚಮಚ, ಮುಚ್ಚಳವಿರುವ ಸಣ್ಣ ಚಾಕು, ಬಟ್ಟೆಯ ಕರವಸ್ತ್ರ, ಕೈತೊಳೆಯಲು ಸೋಪಿನ ತುಂಡು.

ಎರಡನೇ ಬ್ಯಾಗ್, ನೀರು: ಐಸ್ ಬಾಟಲಿ, ಮೊಸರು, ಮಜ್ಜಿಗೆಯನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ, ಅದರ ಸುತ್ತ ದಪ್ಪನೆಯ ಒಣ ಬಟ್ಟೆ ಅಥವಾ ಪತ್ರಿಕೆ ಸುತ್ತಿ.

ಮೂರನೇ ಬ್ಯಾಗ್, ಉಳಿದದ್ದು: ಹಳೆಯ ಹತ್ತಿ ಬೆಡ್‌ಶೀಟ್ ಎರಡು (ಒಂದು ಕೂರಲು, ಒಂದು ನೆರಳಿಗೆ), ಐದು ಮೀಟರ್ ಹಗ್ಗ, ಟೊಪ್ಪಿ, ಛತ್ರಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಸಣ್ಣ ಟಾರ್ಚ್, ಪವರ್ ಬ್ಯಾಂಕ್, ಸೊಳ್ಳೆ ನಿವಾರಕ ಕ್ರೀಮ್, ಬ್ಯಾಂಡೇಜ್, ಗಾಯ ತೊಳೆಯುವ ಔಷಧ, ಪ್ಯಾರಾಸಿಟಮಾಲ್. ಇನ್ಸುಲಿನ್ ಬಳಸುವವರು ಅದನ್ನು ಐಸ್‌ಗೆ ನೇರವಾಗಿ ತಾಗಿಸಬಾರದು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಹೆಚ್ಚು ಮೂತ್ರ ಹೊರಹಾಕುತ್ತವೆ. ಅಂಥವರು ಬಿಸಿಲಿಗೆ ಹೋಗುವ ಮುನ್ನ ವೈದ್ಯರನ್ನು ಕೇಳಿ.

ಒಯ್ಯಬಾರದ ವಸ್ತುಗಳು

ಸಣ್ಣ ಗ್ಯಾಸ್ ಸಿಲಿಂಡರ್, ಸ್ಟವ್, ಸೀಮೆಎಣ್ಣೆ, ಪೆಟ್ರೋಲ್‌ಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2023ರ ಆಗಸ್ಟ್ 26ರಂದು ಮಧುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತಿದ್ದು ಒಳಗೆ ಗ್ಯಾಸ್ ಸಿಲಿಂಡರ್ ತಂದಿದ್ದ ಕಾರಣಕ್ಕೆ.

ಅಭಯಾರಣ್ಯದೊಳಗೆ ಒಲೆ ಹೂಡುವುದು, ಬೆಂಕಿ ಹಚ್ಚುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷೇಧವಿದೆ. ಮೇ ತಿಂಗಳ ಒಣ ಎಲೆಗೆ ಒಂದು ಕಿಡಿ ಸಾಕು.

ಮಹಾರಾಷ್ಟ್ರದಲ್ಲಿ 2018ರಿಂದಲೇ ಪ್ಲಾಸ್ಟಿಕ್ ಕೈಚೀಲ, ಥರ್ಮಾಕೋಲ್ ತಟ್ಟೆ-ಲೋಟಗಳಿಗೆ ನಿಷೇಧವಿದೆ. ಮೊದಲ ಬಾರಿ ಸಿಕ್ಕಿಬಿದ್ದರೆ ದಂಡ 5000 ರೂಪಾಯಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ. ಮುತ್ತುಗದ ಎಲೆ, ಬಾಳೆಎಲೆ ಒಯ್ದರೆ ತೊಳೆಯುವ ನೀರೂ ಉಳಿಯುತ್ತದೆ.

ಮಾಥೇರಾನ್, ಕರ್ನಾಳಾ, ಯೇಊರ್‌ನಲ್ಲಿ ಕೋತಿಗಳಿವೆ. ಕೈಯಲ್ಲಿ ತಿಂಡಿಯ ಚೀಲ ತೂಗಾಡಿಸಬೇಡಿ, ಅವುಗಳಿಗೆ ಏನನ್ನೂ ಕೊಡಬೇಡಿ.

ಬಿಸಿಲು ಬಡಿದರೆ ಏನು ಮಾಡಬೇಕು?

ತಲೆನೋವು, ವಾಕರಿಕೆ, ಕಾಲು ಸೆಳೆತ, ವಿಪರೀತ ಬೆವರು, ಸುಸ್ತು ಕಂಡರೆ ತಕ್ಷಣ ನೆರಳಿಗೆ ಕರೆತನ್ನಿ. ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ.

ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಬಾಟಲಿ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಔಷಧವಲ್ಲ. ಇತರ ತುರ್ತಿಗೆ 112, ರೈಲಿನಲ್ಲಿ ತೊಂದರೆಯಾದರೆ 139.

ಒಂದು ದಿನದ ವೇಳಾಪಟ್ಟಿ

* ಹಿಂದಿನ ದಿನ ಸಂಜೆ: ಹವಾಮಾನ ಇಲಾಖೆಯ ಮುನ್ಸೂಚನೆ, ಮೆಗಾ ಬ್ಲಾಕ್ ಮಾಹಿತಿ ನೋಡುವುದು. ಗೊಜ್ಜು, ಚಟ್ನಿಪುಡಿ, ನೀರು ಸಿದ್ಧ. ಎರಡನೇ, ಮೂರನೇ ಬ್ಯಾಗ್ ತುಂಬಿಡುವುದು.
* ಬೆಳಗ್ಗೆ 4: ಅಡುಗೆ, ಆರಿಸುವುದು. 5.30: ಬ್ಯಾಗ್ ತುಂಬುವುದು. 6ರೊಳಗೆ: ರೈಲು.
* 8: ತಿಂಡಿ. 8.30ರಿಂದ 11: ಸುತ್ತಾಟ.
* 11ರಿಂದ 4: ನೆರಳಲ್ಲಿ ಊಟ, ಆಟ, ವಿಶ್ರಾಂತಿ. ಈ ಹೊತ್ತಿನಲ್ಲಿ ಗುಡ್ಡ ಹತ್ತುವುದು, ಬಯಲಲ್ಲಿ ಕ್ರಿಕೆಟ್ ಬೇಡ.
* 4ರ ನಂತರ: ಇನ್ನೊಂದು ಸುತ್ತು, ಕಸ ಆಯ್ದು ಚೀಲಕ್ಕೆ ತುಂಬಿ ವಾಪಸ್.

ಹವಾಮಾನ ಇಲಾಖೆ ಬಿಸಿಗಾಳಿಯ ಆರೆಂಜ್ ಅಲರ್ಟ್ ಕೊಟ್ಟ ದಿನ ಪ್ರವಾಸವನ್ನೇ ಮುಂದೂಡಿ. ಮೇ ಕೊನೆಯ ವಾರ ಹೋಗುವವರು ಮಳೆಗೂ ಸಿದ್ಧರಿರಬೇಕು. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11 ಆದರೂ, 2025ರಲ್ಲಿ ಮೇ 26ಕ್ಕೇ ಬಂದಿತ್ತು. ಗುಡುಗು ಕೇಳಿದ ಕೂಡಲೇ ಮರದಡಿ ನಿಲ್ಲದೆ ಕಟ್ಟಡದೊಳಗೆ ಸೇರಿಕೊಳ್ಳಿ.

ಉಳಿದ ಊಟವನ್ನು ಮನೆಗೆ ತಂದು ರಾತ್ರಿಗೆ ಬಿಸಿ ಮಾಡಿ ತಿನ್ನುವ ಅಭ್ಯಾಸ ಹಲವರಲ್ಲಿದೆ. ಒಣ ರೊಟ್ಟಿ, ಚಟ್ನಿಪುಡಿ, ಕುರುಕಲು ತಿಂಡಿಗಳಿಗೆ ತೊಂದರೆಯಿಲ್ಲ. ಆದರೆ ದಿನವಿಡೀ ಬಿಸಿಲಲ್ಲಿ ಸುತ್ತಾಡಿ ಬಂದ ಅನ್ನ, ಪಲ್ಯ, ಮೊಸರನ್ನು ಮಕ್ಕಳಿಗೆ ಕೊಡಬೇಡಿ. ಆ ರಾತ್ರಿಗೆ ಮನೆಯಲ್ಲಿ ಬಿಸಿ ಗಂಜಿ, ಉಪ್ಪಿನಕಾಯಿ ಸಾಕು.